ಮೊಡವೆ ಮುಖಕ್ಕೆಂದು ಮನೆಯಲ್ಲೇ ಮಾಡಿದ ಸಾಬೂನು ಉರಿಯುತ್ತಿದೆ: ತಪ್ಪಿದ್ದು ಎಲ್ಲಿ?

ಕಲ್ಪತರು ನಾಡಿನವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಎರಡು ವರ್ಷಗಳಿಂದ ಅವಳ ಹಣೆ, ಕೆನ್ನೆ ಮತ್ತು ಗಲ್ಲದ ಮೇಲೆ ಮೊಡವೆಗಳು ಏಳುತ್ತಲೇ ಇವೆ. ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಮೂಡುತ್ತದೆ, ಒಣಗಿದ ಜಾಗದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಡಿಯ ಸಾಬೂನುಗಳಲ್ಲಿ ಏನೇನು ಬೆರೆಸಿರುತ್ತಾರೋ ಎಂಬ ಅನುಮಾನದಿಂದ, ತಿಪಟೂರಿನ ಬಳಿಯ ನಮ್ಮ ತೋಟದ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿ ತಂದ ಎಣ್ಣೆಯಿಂದ ಮನೆಯಲ್ಲಿಯೇ ಮುಖದ ಸಾಬೂನು ಮಾಡೋಣವೆಂದು ಹೊರಟೆ.

ಮಾಡಿದ ಕ್ರಮವನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಒಂದು ಗ್ರಾಂ ಕೊಬ್ಬರಿ ಎಣ್ಣೆ ಸಾಬೂನಾಗಲು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಸ್ವಲ್ಪ ಎಣ್ಣೆ ಮಿಕ್ಕು ಚರ್ಮಕ್ಕೆ ಹಿತವಾಗಿರಲು ಅದರಲ್ಲಿ ನೂರಕ್ಕೆ ಐದು ಪಾಲು ಕಡಿಮೆ ಹಾಕಬೇಕು ಎಂದು ಓದಿದ್ದೆ. ಆ ಲೆಕ್ಕದಂತೆ ಅರ್ಧ ಲೀಟರ್ ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 175 ಗ್ರಾಂ ಕೊಳವೆಬಾವಿಯ ನೀರಿನಲ್ಲಿ ಕರಗಿಸಿ, ಆರಿದ ಮೇಲೆ ಎಣ್ಣೆಗೆ ಸುರಿದು ಕಡೆದೆ. ಗಟ್ಟಿಯಾಗುತ್ತಾ ಬಂದಾಗ ಎರಡು ಚಮಚ ಅರಿಶಿನ, ಎರಡು ಚಮಚ ಒಣಬೇವಿನ ಎಲೆಯ ಪುಡಿ, ಕಲೆ ಹೋಗಲೆಂದು ಒಂದು ನಿಂಬೆಹಣ್ಣಿನ ರಸವನ್ನೂ ಸೇರಿಸಿದೆ. ಅರಿಶಿನ ಬಿದ್ದ ಕೂಡಲೇ ಇಡೀ ಮಿಶ್ರಣ ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗಿದ್ದನ್ನು ಕಂಡು ಗಾಬರಿಯಾಯಿತು. ನಾಲ್ಕೈದು ದಿನಗಳಲ್ಲಿ ಅದು ಕಂದು ಬಣ್ಣಕ್ಕೆ ಇಳಿಯಿತು. ಅಚ್ಚಿಗೆ ಹೊಯ್ದ ಮರುದಿನ ಕತ್ತರಿಸಿದ್ದೆ, ಹನ್ನೆರಡನೆಯ ದಿನ ಮಗಳಿಗೆ ಕೊಟ್ಟೆ.

ಮೊದಲ ಸಲ ತೊಳೆದಾಗಲೇ ಮುಖ ಬಿಗಿಯಾಗಿ ಎಳೆದಂತಾಗುತ್ತದೆ ಎಂದಳು. ಮೂರನೆಯ ದಿನ ಮೂಗಿನ ಎರಡೂ ಬದಿಯಲ್ಲಿ ಸಿಪ್ಪೆ ಎದ್ದು, ಕೆನ್ನೆ ಕೆಂಪಾಗಿ ಉರಿಯತೊಡಗಿತು. ಸಾಬೂನನ್ನು ನಿಲ್ಲಿಸಿದ್ದೇವೆ. ತಪ್ಪಿರುವುದು ಅಳತೆಯಲ್ಲೋ, ಎಣ್ಣೆಯಲ್ಲೋ, ಅರಿಶಿನದಲ್ಲೋ ತಿಳಿಯುತ್ತಿಲ್ಲ. ಉಳಿದಿರುವ ಏಳು ಬಿಲ್ಲೆಗಳನ್ನು ಏನು ಮಾಡಲಿ? ಮೊಡವೆ ಬರುವ ಚರ್ಮಕ್ಕೆ ಹೊಂದುವ ಸಾಬೂನನ್ನು ಮನೆಯಲ್ಲಿ ಮಾಡಲು ಸಾಧ್ಯವೇ? ನೋಡಲು ಬಂದ ಅಕ್ಕಪಕ್ಕದವರಲ್ಲಿ ಇಬ್ಬರು, ನಮಗೂ ಮಾಡಿಕೊಡಿ, ದುಡ್ಡು ಕೊಡುತ್ತೇವೆ ಎಂದು ಬೇರೆ ಕೇಳುತ್ತಿದ್ದಾರೆ.

ಮಲೆನಾಡಿನ ಸಾಬೂನು

ಅಕ್ಕ, ತಮ್ಮ ಲೆಕ್ಕ ಸರಿಯಾಗಿಯೇ ಇದೆ. ಎಣ್ಣೆಯನ್ನು ಮಾತ್ರ ತೂಗಿಲ್ಲ. 0.183 ಎಂಬುದು ಗ್ರಾಂಗೆ ಗ್ರಾಂ ಲೆಕ್ಕ. ತಾವು ತೆಗೆದುಕೊಂಡದ್ದು ಅರ್ಧ ಲೀಟರ್. ಎಣ್ಣೆ ನೀರಿಗಿಂತ ಹಗುರ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ಅಡುಗೆ ಎಣ್ಣೆಯ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಪಕ್ಕದಲ್ಲಿಯೇ 910 ಗ್ರಾಂ ಎಂದು ಅಚ್ಚಾಗಿರುತ್ತದೆ. ಹಾಗಾಗಿ ತಮ್ಮ ಅರ್ಧ ಲೀಟರಿನ ತೂಕ ಸುಮಾರು 455 ಗ್ರಾಂ ಮಾತ್ರ. ಅಷ್ಟು ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಬೇಕಾಗುವುದು 83 ಗ್ರಾಂ ಕಾಸ್ಟಿಕ್ ಸೋಡಾ, ತಾವು ಹಾಕಿದ್ದು 87. ಐದು ಪಾಲು ಎಣ್ಣೆ ಮಿಗಬೇಕಾಗಿದ್ದ ಸಾಬೂನಿನಲ್ಲಿ ಎಣ್ಣೆಯ ಬದಲು ಮೂರುವರೆ ಗ್ರಾಂಗಿಂತ ಹೆಚ್ಚು ಕ್ಷಾರ, ಅಂದರೆ ಕಾಸ್ಟಿಕ್ ಸೋಡಾ, ಮಿಕ್ಕಿತು. ತಮಾಷೆಯೆಂದರೆ, ಕಲೆ ಹೋಗಲೆಂದು ಹಿಂಡಿದ ನಿಂಬೆರಸ ಆ ಕ್ಷಾರದಲ್ಲಿ ಒಂದು ಗ್ರಾಂನಷ್ಟನ್ನು ತಿಂದುಹಾಕಿ ತಮಗೆ ಉಪಕಾರವನ್ನೇ ಮಾಡಿದೆ, ಕಲೆಯ ವಿಷಯದಲ್ಲಿ ಮಾತ್ರ ಅದರಿಂದ ಏನೂ ಆಗದು. ಎಣ್ಣೆ, ನೀರು, ಕಾಸ್ಟಿಕ್ ಸೋಡಾ ಎಲ್ಲವನ್ನೂ ತಕ್ಕಡಿಯ ಮೇಲೆಯೇ ತೂಗಬೇಕು. ಲೋಟ, ಚಮಚ, ಲೀಟರ್ ಯಾವುದೂ ಈ ಕೆಲಸಕ್ಕೆ ಒದಗುವುದಿಲ್ಲ.

ತೂಕ ಸರಿಯಾಗಿದ್ದಿದ್ದರೂ ಆ ಸಾಬೂನು ಮುಖಕ್ಕೆ ಒಗ್ಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರಿಂದಾಗುವ ಸಾಬೂನು ಸಮುದ್ರದ ನೀರಿನಲ್ಲಿಯೂ ನೊರೆ ಕೊಡುತ್ತದೆ, ಜಿಡ್ಡನ್ನು ಎಳೆದು ತೆಗೆಯುತ್ತದೆ. ಪಾತ್ರೆಗೂ ಬಟ್ಟೆಗೂ ಬಹಳ ಒಳ್ಳೆಯದು, ಮುಖಕ್ಕೆ ಮಾತ್ರ ಅತಿಯಾಯಿತು. ಬರಿಯ ಕೊಬ್ಬರಿ ಎಣ್ಣೆಯಿಂದ ಸ್ನಾನದ ಸಾಬೂನು ಮಾಡುವವರು ಐದರ ಬದಲು ನೂರಕ್ಕೆ ಇಪ್ಪತ್ತು ಪಾಲು ಎಣ್ಣೆ ಮಿಗುವಂತೆ ಮಾಡುವುದು ಇದೇ ಕಾರಣಕ್ಕೆ. ಮುಖದ ಸಾಬೂನಿನಲ್ಲಿ ನಾನು ಕೊಬ್ಬರಿ ಎಣ್ಣೆಯನ್ನು ನೂರಕ್ಕೆ ಇಪ್ಪತ್ತೈದಕ್ಕಿಂತ ಮೇಲೆ ಹೋಗಗೊಡುವುದಿಲ್ಲ. ತಮ್ಮ ತೋಟದ ಎಣ್ಣೆಯ ಮೇಲಿನ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಅದು ಇಲ್ಲಿ ಒಗ್ಗರಣೆಯಷ್ಟಿದ್ದರೆ ಸಾಕು.

ನಮ್ಮ ಮನೆಯಲ್ಲಿ ಮಾಡುವ ಅಳತೆ ಹೀಗಿದೆ: ಆಲಿವ್ ಎಣ್ಣೆ 300 ಗ್ರಾಂ, ಕೊಬ್ಬರಿ ಎಣ್ಣೆ 125 ಗ್ರಾಂ, ಹರಳೆಣ್ಣೆ 40 ಗ್ರಾಂ, ಬೇವಿನೆಣ್ಣೆ 35 ಗ್ರಾಂ, ಒಟ್ಟು 500 ಗ್ರಾಂ. ಇದಕ್ಕೆ ನೂರಕ್ಕೆ ಆರು ಪಾಲು ಎಣ್ಣೆ ಮಿಗುವಂತೆ 69 ಗ್ರಾಂ ಕಾಸ್ಟಿಕ್ ಸೋಡಾ, ಅದರ ಎರಡರಷ್ಟು, ಅಂದರೆ 138 ಗ್ರಾಂ ಶುದ್ಧ ನೀರು. ಒಂದು ಎಣ್ಣೆ ಬದಲಾದರೂ ಕಾಸ್ಟಿಕ್ ಸೋಡಾದ ಲೆಕ್ಕ ಬದಲಾಗುತ್ತದೆ. ಆದ್ದರಿಂದ ನನ್ನ ಅಂಕಿಯನ್ನೂ ನಂಬದೆ, ಅಂತರ್ಜಾಲದಲ್ಲಿ ಸಿಗುವ ಸಾಬೂನಿನ ಕ್ಯಾಲ್ಕುಲೇಟರಿನಲ್ಲಿ ಪ್ರತಿ ಸಲವೂ ಹಾಕಿ ನೋಡಿ. ಬೇವಿನೆಣ್ಣೆ ಇದಕ್ಕಿಂತ ಹೆಚ್ಚಾದರೆ ಅದರ ವಾಸನೆ ಬಚ್ಚಲು ಬಿಟ್ಟು ಹಜಾರದವರೆಗೂ ಬರುತ್ತದೆ.

ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರನ್ನು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕರಗುವಾಗ ನೀರಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಮೂಗಿಗೆ ಘಾಟು ಹೊಡೆಯುತ್ತದೆ, ಆದ್ದರಿಂದ ಹಿತ್ತಲಲ್ಲೋ ಕಿಟಕಿ ತೆರೆದ ಕಡೆಯೋ ಈ ಕೆಲಸ ಮಾಡಬೇಕು. ಅಲ್ಯೂಮಿನಿಯಂ ಮತ್ತು ಹಿಂಡಾಲಿಯಂ ಪಾತ್ರೆ ಕೂಡದು. ಕ್ಷಾರ ಅದನ್ನು ಕೊರೆದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು, ಆಮೇಲೆ ಅದನ್ನು ಅಡುಗೆಗೆ ತಿರುಗಿ ತರಬಾರದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಚರ್ಮಕ್ಕೆ ತಾಗಿದರೆ ವಿನೆಗರ್ ಹುಡುಕುತ್ತಾ ಕೂರದೆ ಹರಿಯುವ ನೀರಿನ ಕೆಳಗೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಹಿಡಿಯಬೇಕು. ಕಣ್ಣಿಗೆ ಬಿದ್ದರೆ ಅದೇ ರೀತಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಚರಂಡಿ ಕಟ್ಟಿದಾಗ ಹಾಕುವ ಪುಡಿಯ ಪೊಟ್ಟಣ ಬೇಡ, ಅದರಲ್ಲಿ ಬೇರೆ ಪದಾರ್ಥಗಳೂ ಇರಬಹುದು. ಅಡುಗೆ ಸೋಡಾ, ವಾಷಿಂಗ್ ಸೋಡಾ ಇವೆರಡೂ ಬೇರೆಯೇ, ಅವುಗಳಿಂದ ಈ ಕೆಲಸ ಆಗದು.

ಎರಡೂ ಸುಮಾರು 40 ಡಿಗ್ರಿಗೆ ಆರಿದ ಮೇಲೆ ಕ್ಷಾರದ ನೀರನ್ನು ಎಣ್ಣೆಗೆ ನಿಧಾನವಾಗಿ ಸುರಿದು ಹ್ಯಾಂಡ್ ಬ್ಲೆಂಡರಿನಿಂದ ಬಿಟ್ಟು ಬಿಟ್ಟು ಕಡೆಯಿರಿ. ಸೌಟಿನಿಂದ ಎತ್ತಿ ಹನಿಸಿದಾಗ ಹನಿ ಕೂಡಲೇ ಮುಳುಗದೆ ಮೇಲೆ ಗೆರೆಯಾಗಿ ನಿಲ್ಲಬೇಕು, ನೀರುದೋಸೆಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ತೆಳು ಎನ್ನುವ ಹದ. ಸಾಬೂನು ಮಾಡುವವರು ಇದನ್ನೇ ಟ್ರೇಸ್ ಎನ್ನುತ್ತಾರೆ. ಅಚ್ಚಿಗೆ ಹೊಯ್ದು, ಒಂದೆರಡು ದಿನ ಬಿಟ್ಟು ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಇಡಬೇಕು. ಹನ್ನೆರಡು ದಿನ ಸಾಲದು. ನಾಲ್ಕರಿಂದ ಆರು ವಾರ ಬೇಕು. ಆಲಿವ್ ಹೆಚ್ಚಿದ್ದರೆ ಆರಕ್ಕೂ ಮೇಲೆ ಹೋದಷ್ಟು ಒಳ್ಳೆಯದು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಬಿಲ್ಲೆಗಳ ಮೇಲೆ ಬೆವರಿನಂತೆ ಹನಿ ಕಟ್ಟುತ್ತದೆ, ಸಾಬೂನಿನ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಹಾಗಾಗುತ್ತದೆ. ತುಮಕೂರಿನಲ್ಲಿ ತಮಗೆ ಆ ಕಾಟ ಅಷ್ಟಾಗಿ ಇರಲಾರದು.

ಇನ್ನು ಅರಿಶಿನದ ಕೆಂಪು. ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನಕ್ಕೆ ಸುಣ್ಣ ಸೇರಿಸುತ್ತೇವಲ್ಲ, ತಮ್ಮ ಪಾತ್ರೆಯಲ್ಲಿ ಆದದ್ದೂ ಅದೇ. ಸೀರೆಗೆ ಸಾರು ಚೆಲ್ಲಿದ ಹಳದಿ ಕಲೆಗೆ ಸಾಬೂನು ತಾಗಿದೊಡನೆ ಕೆಂಪಾಗುವುದೂ ಅದೇ. ಸಾಬೂನಿನ ಮೇಲೆ ಅರಿಶಿನದ ನೀರು ಹಾಕಿ, ಕೆಂಪಾದರೆ ಕ್ಷಾರ ಹೆಚ್ಚಾಗಿದೆ ಎಂದು ತಿಳಿಯಬೇಕು ಎಂಬ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದನ್ನು ನಂಬಬೇಡಿ. ಒಳ್ಳೆಯ ಸಾಬೂನಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಕೂಡ 9ರಿಂದ 10ರವರೆಗೆ ಇರುವುದರಿಂದ ಅರಿಶಿನ ಎಲ್ಲ ಸಾಬೂನಿಗೂ ಕೆಂಪಾಗಿಯೇ ಆಗುತ್ತದೆ.

ಉಳಿದ ಏಳು ಬಿಲ್ಲೆಗಳನ್ನು ಎಸೆಯಬೇಕಾಗಿಲ್ಲ. ತುರಿದು ಬಟ್ಟೆ ನೆನೆಸಲು ಬಳಸಿ, ಕೈಗೆ ಗವಸಿರಲಿ. ಸ್ವಲ್ಪ ನೀರು ಮತ್ತು 60–70 ಗ್ರಾಂ ಆಲಿವ್ ಎಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿದರೆ ಕೈ ತೊಳೆಯುವ ಸಾಬೂನಾಗಿಯಾದರೂ ಉಳಿಸಿಕೊಳ್ಳಬಹುದು, ಮುಖಕ್ಕೆ ಮಾತ್ರ ಅದು ಇನ್ನು ಬೇಡ.

ಚರ್ಮದ ಮಾತು

ನಾನು ಚರ್ಮರೋಗದ ವೈದ್ಯೆ. ಸಾಬೂನಿನ ಲೆಕ್ಕವನ್ನು ಮೇಲಿನವರು ಚೆನ್ನಾಗಿ ಬಿಡಿಸಿದ್ದಾರೆ. ನಾನು ಮಗುವಿನ ಮುಖದ ಬಗ್ಗೆ ಹೇಳುತ್ತೇನೆ.

ಮೊದಲಿಗೆ, ಎರಡು ವಾರ ಎಲ್ಲ ಪ್ರಯೋಗಗಳನ್ನೂ ನಿಲ್ಲಿಸಿ. ತಣ್ಣೀರಿನಲ್ಲಿ ಅಥವಾ ಪಿಎಚ್ 5.5ರ ಸುತ್ತಮುತ್ತ ಇರುವ, ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರಿನಲ್ಲಿ ದಿನಕ್ಕೆ ಎರಡೇ ಸಲ ಮುಖ ತೊಳೆದು, ಸಾದಾ ಮಾಯಿಶ್ಚರೈಸರ್ ಹಚ್ಚಿದರೆ ಉರಿ ಮತ್ತು ಸಿಪ್ಪೆ ಇಳಿಯುತ್ತವೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಂದು ಚರ್ಮದಲ್ಲಿ ಯಾವುದೇ ಉರಿಯೂತ ಆರಿದ ಮೇಲೆ ಅಲ್ಲಿ ಕಪ್ಪು ಉಳಿಯುತ್ತದೆ, ಮೊಡವೆಯ ಕಲೆಯೆಂದರೆ ಬಹುಪಾಲು ಅದೇ. ಕಲೆ ತೆಗೆಯಲೆಂದು ನಿಂಬೆಹಣ್ಣು, ಅಡುಗೆ ಸೋಡಾ, ಕಡುಕ್ಷಾರದ ಸಾಬೂನು ಇವನ್ನೆಲ್ಲ ಉಜ್ಜಿದಾಗ ಆಗುವ ಉರಿಯೇ ಹೊಸ ಕಲೆಗೆ ಕಾರಣವಾಗುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬರುವುದೂ ಉಂಟು.

ಮೊಡವೆ ಕೊಳೆಯಿಂದ ಬರುವುದಿಲ್ಲ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಕೆಲಸ ಮಾಡುತ್ತವೆ, ಕೂದಲ ಬುಡದ ರಂಧ್ರದ ಬಾಯಿ ಸತ್ತ ಕೋಶಗಳಿಂದ ಮುಚ್ಚಿಕೊಳ್ಳುತ್ತದೆ, ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಊತ ಹುಟ್ಟುತ್ತದೆ. ಇದೆಲ್ಲ ನಡೆಯುವುದು ಚರ್ಮದ ಒಳಗೆ. ಸಾಬೂನು ತಲುಪುವುದು ಮೇಲ್ಮೈಯನ್ನು, ಅದೂ ಅರ್ಧ ನಿಮಿಷದ ಮಟ್ಟಿಗೆ. ಅಷ್ಟರಲ್ಲಿ ತೊಳೆದುಹೋಗುವ ಬೇವಾಗಲಿ ಅರಿಶಿನವಾಗಲಿ ರಂಧ್ರದ ಒಳಗೆ ಇಳಿದು ಕೆಲಸ ಮಾಡುತ್ತದೆ ಎಂದು ನಿರೀಕ್ಷಿಸಲಾಗದು. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಅಂತೂ ಕ್ಷಾರದಲ್ಲಿ ಬೇಗನೆ ಒಡೆದುಹೋಗುತ್ತದೆ. ಮೊಡವೆಗೆ ನಿಜವಾಗಿ ಉಪಯೋಗವಿರುವ ಸ್ಯಾಲಿಸಿಲಿಕ್ ಆಮ್ಲವನ್ನು ತಂದು ಮನೆಯ ಸಾಬೂನಿಗೆ ಬೆರೆಸುವವರೂ ಇದ್ದಾರೆ. ಕ್ಷಾರದೊಡನೆ ಸೇರಿದ ಕೂಡಲೇ ಅದು ಸೋಡಿಯಂ ಸ್ಯಾಲಿಸಿಲೇಟ್ ಎಂಬ ಲವಣವಾಗಿ, ಬಯಸಿದ ಗುಣವನ್ನು ಕಳೆದುಕೊಳ್ಳುತ್ತದೆ.

ಆಸ್ಟ್ರೇಲಿಯಾದ ಒಂದು ಗಿಡದ ಎಲೆಯಿಂದ ತೆಗೆಯುವ ಟೀ ಟ್ರೀ ಎಣ್ಣೆಯ ಬಗ್ಗೆಯೂ ಪ್ರಶ್ನೆ ಬಂದೇ ಬರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಶೇಕಡ 5ರ ಟೀ ಟ್ರೀ ಜೆಲ್ ಮೊಡವೆಯನ್ನು ಕಡಿಮೆ ಮಾಡಿತು, ಮೊಡವೆಗೆ ಹಚ್ಚುವ ಔಷಧವಾದ ಬೆನ್‌ಜಾಯ್ಲ್ ಪೆರಾಕ್ಸೈಡಿಗಿಂತ ನಿಧಾನವಾಗಿ, ಆದರೆ ಕಡಿಮೆ ಉರಿಯೊಂದಿಗೆ. ಅದು ಹಚ್ಚಿ ಬಿಡುವ ಜೆಲ್ ಎಂಬುದನ್ನು ಮರೆತು, ಸಾಬೂನಿಗೆ ಹತ್ತು ಹನಿ ಬೆರೆಸಿ ಅದೇ ಫಲವನ್ನು ಬಯಸಬಾರದು.

ಹಾಗಾದರೆ ಮನೆಯ ಸಾಬೂನಿನಿಂದ ಏನು ಕೇಳಬಹುದು? ಜಿಡ್ಡು, ಬೆವರು, ಧೂಳನ್ನು ತೆಗೆದು, ಚರ್ಮವನ್ನು ಕೆರಳಿಸದೆ ಬಿಡುವುದು, ಅಷ್ಟೇ. ಆರೋಗ್ಯವಂತ ಚರ್ಮದ ಮೇಲ್ಮೈ ಪಿಎಚ್ ಸುಮಾರು 5. ಕ್ಷಾರದ ಸಾಬೂನು ತಾಗಿದ ಮೇಲೆ ಅದು ಮೊದಲಿನ ಸ್ಥಿತಿಗೆ ಮರಳಲು ಗಂಟೆಗಳೇ ಬೇಕು. ಗಟ್ಟಿ ಚರ್ಮದವರು ತಡೆದುಕೊಳ್ಳುತ್ತಾರೆ. ಮೊಡವೆಯ ಮುಲಾಮು ಹಚ್ಚುತ್ತಿರುವವರ ಚರ್ಮ ಮೊದಲೇ ಒಣಗಿರುವುದರಿಂದ ಅವರಿಗೆ ಇದು ಕಷ್ಟವಾಗುತ್ತದೆ.

ತಾವು ಬರೆದುದರಲ್ಲಿ ಹಣೆ ಎಂಬ ಮಾತು ನನ್ನ ಗಮನ ಸೆಳೆಯಿತು. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಜಡೆ ಹೆಣೆದು ಮಲಗುವ ರೂಢಿ ಅವಳಿಗೆ ಇದೆಯೇ? ಕೂದಲಿನ ಅಂಚಿನಿಂದ ಇಳಿಯುವ ಎಣ್ಣೆ ಹಣೆಯ ರಂಧ್ರಗಳನ್ನು ಮುಚ್ಚುತ್ತದೆ, ದಿಂಬಿನ ಹೊದಿಕೆಯಿಂದ ಕೆನ್ನೆಗೂ ಹತ್ತುತ್ತದೆ. ಎಣ್ಣೆ ಹಚ್ಚಲೇಬೇಕೆಂದಿದ್ದರೆ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಲಿ. ಹಣೆಯ ಗುಳ್ಳೆಗಳೆಲ್ಲ ಒಂದೇ ಗಾತ್ರದಲ್ಲಿದ್ದು ತುರಿಸುತ್ತಿದ್ದರೆ ಅವು ಮೊಡವೆಯಾಗಿರದೆ ಶಿಲೀಂಧ್ರದಿಂದ ಬಂದವೂ ಆಗಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ಎರಡು ವರ್ಷ ಕಳೆದಿದೆ, ಕಲೆ ಉಳಿಯುತ್ತಿದೆ ಎಂದರೆ ಒಮ್ಮೆ ಚರ್ಮವೈದ್ಯರಿಗೆ ತೋರಿಸಲೇಬೇಕು. ಅಡಾಪಲೀನ್, ಬೆನ್‌ಜಾಯ್ಲ್ ಪೆರಾಕ್ಸೈಡ್ ಮುಂತಾದವು ಹಳೆಯ, ಪರಿಚಿತ ಔಷಧಗಳು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ತಾಳ್ಮೆ ಬೇಕು, ಬೆನ್‌ಜಾಯ್ಲ್ ಪೆರಾಕ್ಸೈಡ್ ಹಚ್ಚಿದರೆ ಬಣ್ಣದ ಟವೆಲ್ಲು ಬೆಳ್ಳಗಾಗುವುದಕ್ಕೂ ಸಿದ್ಧವಾಗಿರಬೇಕು. ಮುಟ್ಟು ಏರುಪೇರಾಗಿದ್ದರೆ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಯಾರೋ ಕೊಟ್ಟ ಸಲಹೆಯಂತೆ ಔಷಧದಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚುವುದು ಮಾತ್ರ ಖಂಡಿತ ಬೇಡ. ಮೊದಲ ವಾರ ಮುಖ ಹೊಳೆಯುತ್ತದೆ, ಬಿಟ್ಟ ಮೇಲೆ ಮೊಡವೆ ಮೊದಲಿಗಿಂತ ಕೆಟ್ಟದಾಗಿ ಮರಳುತ್ತದೆ. ನನ್ನ ಹೊರರೋಗಿ ಕೋಣೆಗೆ ಇಂಥ ಮುಖಗಳು ಪ್ರತಿ ವಾರವೂ ಬರುತ್ತವೆ.

ಹಳೆಬೇರು

ಇಷ್ಟೊಂದು ಕಾಸ್ಟಿಕ್ ಸೋಡಾ, ಕನ್ನಡಕ, ಗವಸುಗಳ ನಡುವೆ ಒಂದು ಸಣ್ಣ ಪ್ರಶ್ನೆ: ಮುಖಕ್ಕೆ ಸಾಬೂನೇ ಏಕೆ ಬೇಕು? ನಮ್ಮ ಮನೆಯಲ್ಲಿ ಹೆಸರುಬೇಳೆಯನ್ನು ನೆರಳಿನಲ್ಲಿ ಒಣಗಿಸಿ, ಬೀಸಿ, ತೆಳುವಾದ ಪಂಚೆಯಲ್ಲಿ ವಸ್ತ್ರಗಾಳಿತ ಮಾಡಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಅಂಗೈಯಲ್ಲಿ ಒಂದು ಚಮಚ ಹಿಟ್ಟು, ನಾಲ್ಕು ಹನಿ ನೀರು, ಅಷ್ಟರಲ್ಲಿ ಮುಖ ತೊಳೆಯುವ ಕೆಲಸ ಮುಗಿಯುತ್ತಿತ್ತು. ನನಗೀಗ ಅರವತ್ತೆಂಟು ವರ್ಷ. ಎಣ್ಣೆಸ್ನಾನದ ದಿನ ತಲೆಗೆ ಸೀಗೆಕಾಯಿ, ಮೈಗೆ ಕಡಲೆಹಿಟ್ಟು ಬಿಟ್ಟು ಬೇರೆ ಏನನ್ನೂ ಮುಟ್ಟಿದವಳಲ್ಲ. ಹರೆಯದಲ್ಲಿ ನಮಗೂ ಮೊಡವೆ ಬಂದಿತ್ತು, ಹೋಗಿಯೂ ಹೋಯಿತು. ಹಿಟ್ಟಿನಿಂದ ಹೋಯಿತೋ ವಯಸ್ಸಿನಿಂದ ಹೋಯಿತೋ ನಾನು ಆಣೆ ಮಾಡಿ ಹೇಳಲಾರೆ, ಆದರೆ ಉರಿದದ್ದಂತೂ ಇಲ್ಲ.

ಚರ್ಮದ ಮಾತು

ಅಮ್ಮ, ಆಣೆ ಮಾಡಲಾರೆ ಎಂದಿರಲ್ಲ, ಆ ಮಾತು ನನಗೆ ಬಹಳ ಹಿಡಿಸಿತು. ಹೆಸರುಹಿಟ್ಟಿಗೆ ನನ್ನ ವಿರೋಧವಿಲ್ಲ. ತಾವು ಹೇಳಿದ ವಸ್ತ್ರಗಾಳಿತದ ಹಂತವನ್ನು ಈಗಿನವರು ಬಿಟ್ಟುಬಿಟ್ಟಿದ್ದಾರೆ. ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಕೀವು ತುಂಬಿದ ಮೊಡವೆಯ ಮೇಲೆ ಗರಗರ ಉಜ್ಜಿ ಒಡೆದುಕೊಳ್ಳುತ್ತಾರೆ. ಉಜ್ಜದೆ, ಲೇಪಿಸಿ ತೊಳೆಯುವುದಾದರೆ ಆಗಬಹುದು. ಕಲಸಿದ ಹಿಟ್ಟನ್ನು ನಾಳೆಗೆಂದು ಎತ್ತಿಡಬಾರದು. ತರಿ ಉಜ್ಜಬಾರದೆಂಬ ಕಾರಣಕ್ಕೇ ಸಾಬೂನಿನಲ್ಲಿ ಬೇವಿನ ಎಲೆಯ ಪುಡಿಯನ್ನೂ ನಾನು ಒಪ್ಪುವುದಿಲ್ಲ, ಆ ಸಣ್ಣ ಕಣಗಳು ಊದಿದ ಚರ್ಮವನ್ನು ಗೀರುತ್ತವೆ. ಅಂಟುವಾಳದ ನೊರೆ ಕಣ್ಣಿಗೆ ಹೋದರೆ ವಿಪರೀತ ಉರಿಯುವುದರಿಂದ ಅದು ಮುಖಕ್ಕೆ ಬೇಡ.

ಗಡಸು ನೀರು

ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಎಲ್ಲರೂ ಎಣ್ಣೆಯ ಬಗ್ಗೆ ಮಾತನಾಡಿದರು, ಕೊಳವೆಬಾವಿಯ ನೀರು ಎಂಬ ಮಾತನ್ನು ಯಾರೂ ಹಿಡಿಯಲಿಲ್ಲ. ತುಮಕೂರು, ಕೋಲಾರದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೇರಳವಾಗಿ ಇರುತ್ತವೆ, ಗಡಸು ನೀರು ಎನ್ನುವುದು ಇದನ್ನೇ. ಸಾಬೂನು ಇವುಗಳೊಡನೆ ಸೇರಿದಾಗ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನು ಆಗುತ್ತದೆ. ಬಕೆಟ್ಟಿನ ಒಳಗೋಡೆಗೆ ಬೂದು ಬಣ್ಣದ ಜಿಗುಟಾಗಿ ಅಂಟಿ, ಉಗುರಿನಿಂದ ಕೆರೆದರೆ ಮೇಣದಂತೆ ಏಳುತ್ತದಲ್ಲ, ಅದೇ. ಬಕೆಟ್ಟಿಗೆ ಅಂಟುವುದು ಮುಖಕ್ಕೆ ಅಂಟದೆ ಇರುವುದಿಲ್ಲ. ತೊಳೆದ ಮೇಲೂ ಮುಖ ಜಿಗುಟೆನಿಸಿ ಮತ್ತೆ ಸಾಬೂನು ಹಚ್ಚುವುದು, ಮತ್ತಷ್ಟು ಒಣಗಿಸಿಕೊಳ್ಳುವುದು ಹೀಗೆಯೇ ಮುಂದುವರಿಯುತ್ತದೆ.

ಒಂದು ಬಾಟಲಿಯಲ್ಲಿ ಕೊಳವೆಬಾವಿಯ ನೀರು, ಇನ್ನೊಂದರಲ್ಲಿ ಮಳೆನೀರು ಅಥವಾ ಆರ್‌ಒ ಯಂತ್ರದ ಫಿಲ್ಟರ್ ನೀರು ತುಂಬಿ, ಎರಡಕ್ಕೂ ಕಡಲೆಕಾಳಿನಷ್ಟು ಸಾಬೂನು ಹಾಕಿ ಕುಲುಕಿ ನೋಡಿ. ಒಂದರಲ್ಲಿ ನೊರೆ ಕುತ್ತಿಗೆಯವರೆಗೆ ಏರುತ್ತದೆ, ಇನ್ನೊಂದರಲ್ಲಿ ಮೊಸರು ಒಡೆದಂತೆ ಚೂರುಗಳು ತೇಲುತ್ತವೆ. ನಮ್ಮ ಮಕ್ಕಳಿಗೆ ಪ್ರತಿ ವರ್ಷ ತೋರಿಸುವ ಪ್ರಯೋಗವಿದು.

ಇದಕ್ಕೆ ಅಗ್ಗದ ಉಪಾಯವೊಂದಿದೆ. ಸಾಬೂನು ಮಾಡುವಾಗಲೇ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ನೀರಿನಲ್ಲಿ ಕರಗಿಸಿ ಹಾಕಿದರೆ ಅದು ಕ್ಷಾರದೊಡನೆ ಸೇರಿ ಸೋಡಿಯಂ ಸಿಟ್ರೇಟ್ ಆಗುತ್ತದೆ, ಆ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಜಿಗುಟನ್ನು ಕಡಿಮೆ ಮಾಡುತ್ತದೆ. ಮೇಲಿನ 500 ಗ್ರಾಂ ಎಣ್ಣೆಗೆ 10 ಗ್ರಾಂ ನಿಂಬೆ ಉಪ್ಪು ಸಾಕು. ಆದರೆ ಅಷ್ಟು ನಿಂಬೆ ಉಪ್ಪು ಸುಮಾರು 6 ಗ್ರಾಂ ಕಾಸ್ಟಿಕ್ ಸೋಡಾವನ್ನು ತಾನೇ ನುಂಗುವುದರಿಂದ 69ರ ಬದಲು 75 ಗ್ರಾಂ ಹಾಕಬೇಕು. ಕ್ಷಾರ ಕರಗಿಸಲು ಫಿಲ್ಟರ್ ನೀರನ್ನೇ ಬಳಸಿ. ಮುಖ ತೊಳೆದ ಮೇಲೆ ಕೊನೆಯ ಒಂದು ಚೊಂಬು ಕೂಡ ಫಿಲ್ಟರ್ ನೀರೇ ಆದರೆ ಇನ್ನೂ ಒಳ್ಳೆಯದು. ಕುದಿಸಿದರೆ ಗಡಸುತನ ಪೂರ್ತಿ ಹೋಗುತ್ತದೆ ಎಂಬುದು ಸರಿಯಲ್ಲ. ಬೈಕಾರ್ಬನೇಟ್ ಲವಣಗಳಿಂದ ಬರುವ ತಾತ್ಕಾಲಿಕ ಗಡಸುತನ ಮಾತ್ರ ಹೋಗುತ್ತದೆ.

ಮಲೆನಾಡಿನ ಸಾಬೂನು

ಮೇಷ್ಟ್ರೇ, ನಮ್ಮಲ್ಲಿ ಹಳ್ಳದ ನೀರು ಮೆದುವಾಗಿರುವುದರಿಂದ ಈ ವಿಷಯ ನನ್ನ ತಲೆಗೇ ಬರಲಿಲ್ಲ, ಧನ್ಯವಾದಗಳು. ಅಕ್ಕ, ಅಕ್ಕಪಕ್ಕದವರ ಕೋರಿಕೆಯ ಬಗ್ಗೆ ಒಂದು ಮಾತು ಬಾಕಿ ಉಳಿಯಿತು. ಮನೆಯ ಬಳಕೆಗೆ ಮಾಡಿಕೊಳ್ಳುವುದು ಬೇರೆ, ದುಡ್ಡು ತೆಗೆದುಕೊಂಡು ಕೊಡುವುದು ಬೇರೆ. ಮಾರಾಟಕ್ಕೆ ಸಾಬೂನು ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕಗಳ ನಿಯಮಗಳಂತೆ ಪರವಾನಗಿ ಬೇಕು. ಮೊಡವೆ ವಾಸಿ ಮಾಡುತ್ತದೆ ಎಂದು ಚೀಟಿ ಅಂಟಿಸಿದರೆ ಅದು ಔಷಧದ ಲೆಕ್ಕಕ್ಕೆ ಹೋಗಿ ಕಟ್ಟುಪಾಡು ಇನ್ನೂ ಬಿಗಿಯಾಗುತ್ತದೆ. ಒಂದು ಬಿಲ್ಲೆ ಉಡುಗೊರೆ ಕೊಡುವುದಾದರೂ ಕೂಡ ಆರು ವಾರ ತುಂಬಿದ ಮೇಲೆಯೇ ಕೊಡಿ.

ಕಲ್ಪತರು ನಾಡಿನವಳು (ಎರಡೂವರೆ ತಿಂಗಳ ನಂತರ)

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಅಂದೇ ರಾತ್ರಿ ಅದೇ ಅಳತೆಯ ಪಾತ್ರೆಯಲ್ಲಿ ಅರ್ಧ ಲೀಟರ್ ಎಣ್ಣೆ ತುಂಬಿ ತಕ್ಕಡಿಯ ಮೇಲಿಟ್ಟೆ, ಪಾತ್ರೆಯ ತೂಕ ಕಳೆದು 457 ಗ್ರಾಂ ತೋರಿಸಿತು. ಕಾಸ್ಟಿಕ್ ಸೋಡಾವನ್ನು ಅಷ್ಟು ಜತನದಿಂದ ತೂಗಿದವಳು ಎಣ್ಣೆಯನ್ನು ಮಾತ್ರ ಲೀಟರಿನಲ್ಲಿ ಅಳೆದಿದ್ದೆನಲ್ಲ ಎಂದು ನನ್ನ ಮೇಲೆಯೇ ಕೋಪ ಬಂತು.

ಮಗಳನ್ನು ಚರ್ಮವೈದ್ಯರಿಗೆ ತೋರಿಸಿದೆವು. ರಾತ್ರಿ ಹಚ್ಚಲು ಅಡಾಪಲೀನ್ ಜೆಲ್, ಹಗಲಿಗೆ ಸನ್‌ಸ್ಕ್ರೀನ್ ಬರೆದುಕೊಟ್ಟರು. ತಲೆಗೆ ಎಣ್ಣೆ ಹಚ್ಚಿ ಮಲಗುವ ರೂಢಿ ಇದ್ದದ್ದು ನಿಜ, ಹಚ್ಚುತ್ತಿದ್ದವಳು ನಾನೇ. ಅದನ್ನು ನಿಲ್ಲಿಸಿದ ಮೇಲೆ ಹಣೆ ತಿಳಿಯಾಗಿದೆ. ಕೆನ್ನೆಯ ಮೇಲೆ ಹೊಸದಾಗಿ ಏಳುವುದು ಕಡಿಮೆಯಾಗಿದೆ, ಹಳೆಯ ಕಲೆಗಳು ಇನ್ನೂ ಇವೆ. ಮುಖಕ್ಕೆ ಅವಳು ಈಗ ವೈದ್ಯರು ಹೇಳಿದ ಕ್ಲೆನ್ಸರನ್ನೇ ಬಳಸುತ್ತಿದ್ದಾಳೆ.

ಸಾಬೂನನ್ನಂತೂ ನಾನು ಬಿಡಲಿಲ್ಲ. ಮಲೆನಾಡಿನವರ ಅಳತೆಗೆ ಮೇಷ್ಟ್ರು ಹೇಳಿದ ನಿಂಬೆ ಉಪ್ಪನ್ನು ಸೇರಿಸಿ, 75 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ, ಅರಿಶಿನವನ್ನೂ ಎಲೆಯ ಪುಡಿಯನ್ನೂ ಬಿಟ್ಟು ಮಾಡಿದೆ. ಆರು ಬಿಲ್ಲೆಗಳಾದವು. ಕತ್ತರಿಸಿದ ದಿನ ಒಂದೊಂದರ ತೂಕ 119 ಗ್ರಾಂ ಇತ್ತು. ಪ್ರತಿ ಭಾನುವಾರ ತೂಗಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಬಂದೆ, ಏಳನೆಯ ವಾರ 106ಕ್ಕೆ ಬಂದು ನಿಂತಿತು. ಮೊದಲು ನಾನು ಮೊಣಕೈಯ ಒಳಭಾಗಕ್ಕೆ ಎರಡು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ ಬಳಸತೊಡಗಿದೆ. ಬಿಗಿತವಿಲ್ಲ, ಉರಿಯಿಲ್ಲ, ಬಕೆಟ್ಟಿನ ಜಿಗುಟೂ ಕಡಿಮೆಯಾಗಿದೆ. ಮನೆಯವರು ಸ್ನಾನಕ್ಕೆ ಅದನ್ನೇ ಬಳಸುತ್ತಿದ್ದಾರೆ. ಮಗಳು ಕೈಕಾಲಿಗೆ ಬಳಸುತ್ತಾಳೆ, ಆದರೆ ಕಾಲೇಜಿನಲ್ಲಿ ಗೆಳತಿಯರು ಇದೇನು ಕಷಾಯದ ವಾಸನೆ ಎಂದು ಕೇಳುತ್ತಾರಂತೆ. ಮುಂದಿನ ಸಲ ಬೇವಿನೆಣ್ಣೆಯನ್ನು 35ರಿಂದ 15 ಗ್ರಾಂಗೆ ಇಳಿಸಿ, ಆ 20 ಗ್ರಾಂ ಅನ್ನು ಆಲಿವ್ ಎಣ್ಣೆಗೆ ಸೇರಿಸಿದರೆ ಕಾಸ್ಟಿಕ್ ಸೋಡಾ ಎಷ್ಟಾಗುತ್ತದೆ?

ಮಲೆನಾಡಿನ ಸಾಬೂನು

ಎರಡೂ ಎಣ್ಣೆಗೆ ಬೇಕಾಗುವ ಕ್ಷಾರ ಹೆಚ್ಚುಕಡಿಮೆ ಒಂದೇ ಇರುವುದರಿಂದ 20 ಗ್ರಾಂ ಅದಲುಬದಲಿನಲ್ಲಿ ಬರುವ ವ್ಯತ್ಯಾಸ ತಮ್ಮ ತಕ್ಕಡಿಗೆ ಕಾಣಿಸುವಷ್ಟಿಲ್ಲ. ನಿಂಬೆ ಉಪ್ಪು ಸೇರಿ ಅದೇ 75 ಗ್ರಾಂ ಇರಲಿ. ಎಣ್ಣೆಯನ್ನು ಈ ಸಲವೂ ತೂಗಿಯೇ ಹಾಕುತ್ತೀರಿ ಎಂದುಕೊಂಡಿದ್ದೇನೆ.